ಹಾರ್ಡ್ ಡಿಸ್ಕ್ ಹೋಗಿದೆ ಅಂತ ಒಪ್ಪಿಕೊಳ್ಳುವ ಮುಂಚೆ

ಜೂನ್ ತಿಂಗಳ ಒಂದು ಬೆಳಿಗ್ಗೆ ಮಾಮನ ಫೋನ್ ಬಂತು. ಕಲಬುರಗಿಯ ನೆಹರು ಗಂಜ್‌ನಲ್ಲಿ ಅವರದು ತೊಗರಿ ಅಡತಿ ಅಂಗಡಿ. ರೈತರ ಲೆಕ್ಕ, ಗಿರಣಿಯವರ ಬಾಕಿ, ಜಿಎಸ್‌ಟಿ ಎಲ್ಲವೂ ಒಂದೇ ಹಳೆಯ ಕಂಪ್ಯೂಟರ್‌ನಲ್ಲಿ, ಟ್ಯಾಲಿ ಎಂಬ ಲೆಕ್ಕದ ಪ್ರೋಗ್ರಾಂನಲ್ಲಿ ಇದೆ.

"ಸ್ಕ್ರೀನ್ ನೀಲಿ ಆಗಿ ನಿಂತದ. ಹಾರ್ಡ್ ಡಿಸ್ಕ್ ಹೋಗ್ಯದ, ಫಾರ್ಮ್ಯಾಟ್ ಮಾಡಬೇಕು ಅಂತಾರ. ಮಾಡಸ್ಲೇನು?"

"ಬ್ಯಾಡ್ರಿ ಮಾಮಾ. ಪ್ಲಗ್ ತೆಗೆದು ಹಂಗೇ ಇಡ್ರಿ. ನಾ ಬರ್ತೀನಿ."

ಆ ಡಿಸ್ಕ್ ಹೋಗಿರಲಿಲ್ಲ. ಮದರ್‌ಬೋರ್ಡ್, ಅಂದರೆ ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್, ಅದರ ಮೇಲಿನ ಒಂದು ಸಣ್ಣ ಸೆಲ್ ಸತ್ತಿತ್ತು, ಅಷ್ಟೇ. ಅವತ್ತು ಫಾರ್ಮ್ಯಾಟ್ ಮಾಡಿಸಿದ್ದರೆ ಹಲವು ವರ್ಷಗಳ ಲೆಕ್ಕ ಒಂದು ಗಂಟೆಯಲ್ಲಿ ಅಳಿಸಿ ಹೋಗುತ್ತಿತ್ತು. ನಮ್ಮ ಊರಲ್ಲಿ ಇದು ಎಷ್ಟೋ ಮನೆಗಳಲ್ಲಿ, ಅಂಗಡಿಗಳಲ್ಲಿ ಆಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಡಿಸ್ಕ್ ನಿಜವಾಗಿ ಕೆಟ್ಟಿದೆಯೋ, ಬಯೋಸ್‌ನ (ವಿಂಡೋಸ್‌ಗಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಂ) ಸೆಟ್ಟಿಂಗ್ ಬದಲಾಗಿದೆಯೋ, ಕೇಬಲ್ ಸಡಿಲವಾಗಿದೆಯೋ ಎಂದು ನೀವೇ ನೋಡಿಕೊಳ್ಳಬಹುದು. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಮಾತ್ರ ತಪ್ಪಬಾರದು.

ಮೊದಲು ಕಿವಿ ಕೊಡಿ

ಕಂಪ್ಯೂಟರ್ ಆನ್ ಮಾಡಿ, ಪಕ್ಕದಲ್ಲಿ ಕಿವಿ ಇಟ್ಟು ಕೇಳಿ. ಒಂದೇ ಸಮ ಮೆಲ್ಲಗೆ ತಿರುಗುವ ಸದ್ದು ಬಂದರೆ ಒಳ್ಳೆಯದು. "ಟಕ್... ಟಕ್... ಟಕ್" ಅಂತ ಒಂದೇ ಅಳತೆಯಲ್ಲಿ ಬಡಿಯುವ ಸದ್ದು, ಲೋಹ ಉಜ್ಜಿದ ಸದ್ದು ಅಥವಾ ಸಣ್ಣಗೆ ಬೀಪ್ ಸದ್ದು ಡಿಸ್ಕ್‌ನಿಂದಲೇ ಬಂದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಹೆಡ್ ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಹೆಡ್ ಕೆಟ್ಟು ತಟ್ಟೆಗೆ ತಾಗುತ್ತಿದ್ದರೆ ನೀವು ಆನ್ ಮಾಡಿದ ಪ್ರತಿ ಸಲವೂ ಒಂದಿಷ್ಟು ಫೈಲ್ ಕೆರೆದು ಹೋಗುತ್ತದೆ.

ಇಲ್ಲಿ ಒಂದು ಮಾತು ಇದೆ. ಟಕ್ ಟಕ್ ಸದ್ದೆಲ್ಲ ಹೆಡ್ಡಿನದೇ ಅಲ್ಲ. ಡೆಸ್ಕ್‌ಟಾಪ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಸೊರಗಿ 12 ವೋಲ್ಟ್ ಸರಿಯಾಗಿ ಕೊಡದಿದ್ದರೂ ಡಿಸ್ಕ್ ತಿರುಗಲು ಹೋಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಯುಎಸ್‌ಬಿಗೆ ಹಾಕುವ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಪವರ್ ಸಾಲದಾದಾಗಲೂ ಹೀಗೇ ಆಗುತ್ತದೆ. ಹಾಗಾಗಿ ಒಂದೇ ಒಂದು ಸಲ, ಬೇರೆ ಪವರ್ ಕನೆಕ್ಟರ್ ಅಥವಾ ಬೇರೆ ಯುಎಸ್‌ಬಿ ಪೋರ್ಟ್‌ನಲ್ಲಿ ಹಾಕಿ ನೋಡಿ. ಸದ್ದು ಹಾಗೇ ಇದ್ದರೆ ನಿಲ್ಲಿಸಿಬಿಡಿ.

ಬಯೋಸ್‌ಗೆ ಹೋಗುವ ದಾರಿ

ವಿಂಡೋಸ್ ಏಳುವ ಮುಂಚೆ ಮದರ್‌ಬೋರ್ಡ್ ಮೇಲಿನ ಒಂದು ಚಿಪ್‌ನಲ್ಲಿರುವ ಪುಟ್ಟ ಪ್ರೋಗ್ರಾಂ ಏಳುತ್ತದೆ. ಮೆಮೊರಿ ಇದೆಯಾ, ಕೀಬೋರ್ಡ್ ಇದೆಯಾ, ಡಿಸ್ಕ್ ಇದೆಯಾ ಅಂತ ನೋಡಿ, ಆಮೇಲೆ ವಿಂಡೋಸ್ ಕೈಗೆ ಕೊಡುತ್ತದೆ. ಅದೇ ಫರ್ಮ್‌ವೇರ್. ಹಳೆಯದಕ್ಕೆ ಬಯೋಸ್ ಎನ್ನುತ್ತಾರೆ, ಈಗಿನದು ಯುಇಎಫ್‌ಐ. ಬಾಯಿಮಾತಿನಲ್ಲಿ ಎರಡಕ್ಕೂ ಬಯೋಸ್ ಅಂತಲೇ ಹೇಳುತ್ತೇವೆ, ನಾನೂ ಹಾಗೇ ಬರೆಯುತ್ತೇನೆ.

ಆನ್ ಮಾಡಿದ ಕೂಡಲೇ ಕೀ ಒತ್ತುತ್ತಾ ಇರಬೇಕು. ಡೆಲ್, ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಎಫ್2. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್10. ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಐಡಿಯಾಪ್ಯಾಡ್‌ನಲ್ಲಿ ಎಫ್2. ಕೆಲವು ಐಡಿಯಾಪ್ಯಾಡ್‌ಗಳ ಬದಿಯಲ್ಲಿ ನೋವೊ ಎಂಬ ಸೂಜಿತೂತಿನ ಬಟನ್ ಇರುತ್ತದೆ. ಗಿಗಾಬೈಟ್, ಏಸುಸ್, ಎಂಎಸ್‌ಐ ಬೋರ್ಡ್ ಹಾಕಿ ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಡಿಲೀಟ್ ಕೀ.

ಹೊಸ ಕಂಪ್ಯೂಟರ್‌ಗಳು ಎಷ್ಟು ಬೇಗ ಏಳುತ್ತವೆ ಎಂದರೆ ಕೀ ಒತ್ತಲು ಪುರುಸೊತ್ತೇ ಸಿಗುವುದಿಲ್ಲ. ವಿಂಡೋಸ್ ಇನ್ನೂ ಏಳುತ್ತಿದ್ದರೆ ಸುಲಭದ ದಾರಿ ಬೇರೆ ಇದೆ. ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ. ಆಮೇಲೆ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ನೇರ ಅಲ್ಲಿಗೇ ಹೋಗುತ್ತೀರಿ.

ಒಳಗೆ ಏನನ್ನಾದರೂ ಬದಲಿಸುವ ಮುಂಚೆ ಎರಡು ಕೆಲಸ ಮಾಡಿಕೊಳ್ಳಿ. ಒಂದು, ಬಯೋಸ್‌ನ ಪ್ರತಿ ಪುಟದ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದಿಡಿ. ನಾಳೆ ಏನಾದರೂ ತಪ್ಪಾದರೆ ವಾಪಸ್ ಬರಲು ಅದೇ ದಾರಿ. ಎರಡು, ನಿಮ್ಮ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್, ಅಂದರೆ ಡಿಸ್ಕ್‌ಗೆ ಹಾಕುವ ಬೀಗ, ಆನ್ ಇದೆಯಾ ನೋಡಿ. ಈಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಇದು ಆನ್ ಆಗಿರಬಹುದು. ಆಗ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಅಥವಾ ಟಿಪಿಎಂ (ಬೀಗದ ಕೀ ಕಾಯುವ ಚಿಪ್) ಸೆಟ್ಟಿಂಗ್ ಮುಟ್ಟಿದರೆ ಮುಂದಿನ ಸಲ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ. ಕೀ ಇಲ್ಲದಿದ್ದರೆ ಒಳಗಿರುವ ಫೈಲ್‌ಗಳನ್ನು ಯಾರೂ ತೆಗೆಯಲಾರರು. ಆ ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಟ್ಟು ಆಮೇಲೆ ಮುಂದೆ ಹೋಗಿ.

ಒಳಗೆ ಏನು ನೋಡಬೇಕು

ಬಯೋಸ್‌ನಲ್ಲಿ ನೂರು ಆಯ್ಕೆಗಳಿವೆ. ನಮಗೆ ಬೇಕಾದ್ದು ನಾಲ್ಕೇ ನಾಲ್ಕು.

ಮೊದಲನೆಯದು ತಾರೀಖು. ತೀರ ಸಣ್ಣ ವಿಷಯ ಅನಿಸುತ್ತದೆ, ಆದರೆ ನಾನು ಮೊದಲು ನೋಡುವುದೇ ಅದನ್ನು. ಮಾಮನ ಕಂಪ್ಯೂಟರ್‌ನಲ್ಲಿ 2011ರ ಜನವರಿ 1 ಅಂತ ಇತ್ತು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಮದರ್‌ಬೋರ್ಡ್ ಮೇಲೆ ಸಿಆರ್2032 ಎಂಬ 3 ವೋಲ್ಟಿನ ಗುಂಡನೆ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಹಳೆಯ ಬೋರ್ಡ್‌ಗಳಲ್ಲಿ ಸೆಟ್ಟಿಂಗ್‌ಗಳನ್ನು ಕಾಯುವುದೂ ಅದೇ. ಪ್ಲಗ್ ಹಾಕಿ ಸ್ವಿಚ್ ಆನ್ ಇದ್ದರೆ ಸೆಲ್ ಖರ್ಚಾಗುವುದು ಬಹಳ ಕಡಿಮೆ. ಪ್ಲಗ್ ಕಿತ್ತಿಟ್ಟರೆ ಪೂರಾ ಭಾರ ಸೆಲ್ ಮೇಲೆ ಬೀಳುತ್ತದೆ. ಮಾಮನ ಮನೆಯಲ್ಲಿ ಮೇ ಕೊನೆಗೆ ಮದುವೆ ಇತ್ತು. ಇಪ್ಪತ್ತು ದಿನ ಅಂಗಡಿಗೆ ಬೀಗ. ಮಳೆಗಾಲದ ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಟ್ಟಿದ್ದರು, ಅದು ಸರಿಯಾದ ಕೆಲಸವೇ. ಆದರೆ ಮೊದಲೇ ಸೊರಗಿದ್ದ ಸೆಲ್ ಅಷ್ಟರಲ್ಲಿ ತೀರಿಹೋಯಿತು. ಬೇಸಿಗೆ ರಜೆ ಮುಗಿಸಿ ಜೂನ್‌ನಲ್ಲಿ ಶಾಲೆಯ ಕಂಪ್ಯೂಟರ್ ಕೋಣೆ ತೆರೆದಾಗ ನಾಲ್ಕೈದು ಕಂಪ್ಯೂಟರ್ ಒಟ್ಟಿಗೆ ಏಳದೇ ಇರುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ತಾರೀಖು ತಪ್ಪಿದರೆ ಇನ್ನೂ ಒಂದು ತೊಂದರೆ ಇದೆ. ವಿಂಡೋಸ್ ಎದ್ದರೂ ಬ್ಯಾಂಕಿನ ವೆಬ್‌ಸೈಟ್, ಜಿಎಸ್‌ಟಿ ಪೋರ್ಟಲ್ ಯಾವುದೂ ತೆರೆಯುವುದಿಲ್ಲ. ಕನೆಕ್ಷನ್ ಸುರಕ್ಷಿತ ಅಲ್ಲ ಅಂತ ಬರುತ್ತದೆ. ಇಂಟರ್ನೆಟ್ ಕೆಟ್ಟಿದೆ ಅಂತ ಒದ್ದಾಡುವ ಮುಂಚೆ ಮೂಲೆಯ ತಾರೀಖು ನೋಡಿ.

ಎರಡನೆಯದು, ಡಿಸ್ಕ್‌ನ ಹೆಸರು. ಮೇನ್, ಸ್ಟೋರೇಜ್ ಅಥವಾ ಸಿಸ್ಟಮ್ ಇನ್‌ಫರ್ಮೇಶನ್ ಎಂಬ ಪುಟದಲ್ಲಿ ಇರುತ್ತದೆ. ಕಂಪನಿಯ ಮಾಡೆಲ್ ನಂಬರ್ ಮತ್ತು ಎಷ್ಟು ಜಿಬಿ ಎಂಬುದು ಸರಿಯಾಗಿ ಕಾಣಬೇಕು. ಇಡೀ ಪರೀಕ್ಷೆ ಇಲ್ಲಿ ಎರಡು ದಾರಿಯಾಗಿ ಒಡೆಯುತ್ತದೆ. ಡಿಸ್ಕ್ ಬಯೋಸ್‌ಗೆ ಕಂಡರೆ, ಕಡೇಪಕ್ಷ ಅದು ಮಾತಾಡುತ್ತಿದೆ ಎಂದರ್ಥ. ಕಾಣದಿದ್ದರೆ ಕೇಬಲ್, ಪೋರ್ಟ್, ಪವರ್ ಕಡೆ ಹೋಗಬೇಕು. ಹೆಸರು ಅಕ್ಷರ ಕಲೆಸಿದ ಹಾಗೆ ಬಂದರೆ, ಅಥವಾ 500 ಜಿಬಿ ಡಿಸ್ಕ್ 0 ಜಿಬಿ ಅಂತ ತೋರಿದರೆ ಡಿಸ್ಕ್‌ನ ಒಳಗೇ ಕೆಟ್ಟಿರುವ ಸಾಧ್ಯತೆ ಜಾಸ್ತಿ.

ಮೂರನೆಯದು ಸಾಟಾ ಮೋಡ್. ಸಾಟಾ ಅಂದರೆ ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಕೇಬಲ್ಲಿನ ದಾರಿ, ಮೋಡ್ ಅಂದರೆ ಅದರಲ್ಲಿ ಮಾತಾಡುವ ರೀತಿ. ಐಡಿಇ, ಎಎಚ್‌ಸಿಐ, ರೇಡ್ ಎಂಬ ಮೂರರಲ್ಲಿ ಒಂದು ಇರುತ್ತದೆ. ಯಾವುದು ಒಳ್ಳೆಯದು ಅನ್ನುವುದಕ್ಕಿಂತ ವಿಂಡೋಸ್ ಹಾಕುವಾಗ ಯಾವುದಿತ್ತು ಅನ್ನುವುದೇ ಮುಖ್ಯ. ಆಮೇಲೆ ಬದಲಾದರೆ ವಿಂಡೋಸ್ ತನ್ನ ಡಿಸ್ಕನ್ನೇ ಗುರುತು ಹಿಡಿಯದೆ ನೀಲಿ ಸ್ಕ್ರೀನ್ ಹಾಕುತ್ತದೆ. ಅದರ ಮೇಲೆ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಬರೆದಿರುತ್ತದೆ. ಓದಿದವರಿಗೆ ಡಿಸ್ಕ್ ಹೋಗಿದೆ ಅಂತಲೇ ಅನಿಸುತ್ತದೆ, ಅಲ್ವಾ? ಮಾಮನ ಕಂಪ್ಯೂಟರ್‌ನಲ್ಲಿ ಆದದ್ದೂ ಇದೇ. ಸೆಲ್ ಸತ್ತಾಗ ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಹೋಯಿತು. ಹಳೆಯ ಬೋರ್ಡ್ ಆದ್ದರಿಂದ ಮೂಲದಲ್ಲಿ ಐಡಿಇ ಇತ್ತು. ವಿಂಡೋಸ್ ಹಾಕಿದ್ದು ಎಎಚ್‌ಸಿಐನಲ್ಲಿ. ಹೊಸ ಸೆಲ್ ಹಾಕಿ, ತಾರೀಖು ಸರಿ ಮಾಡಿ, ಎಎಚ್‌ಸಿಐ ಆರಿಸಿ, ಎಫ್10 ಒತ್ತಿ ಸೇವ್ ಮಾಡಿದೆ. ಎರಡು ನಿಮಿಷದಲ್ಲಿ ಟ್ಯಾಲಿ ತೆರೆಯಿತು.

ಐಡಿಇ ಅಥವಾ ರೇಡ್‌ನಿಂದ ಬೇಕೆಂದೇ ಎಎಚ್‌ಸಿಐಗೆ ಬದಲಾಯಿಸಬೇಕಿದ್ದರೆ, ಉದಾಹರಣೆಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್) ಹಾಕುವ ಮುಂಚೆ, ಹೀಗೆ ಮಾಡಿ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, msconfig ಅಂತ ಟೈಪ್ ಮಾಡಿ ಎಂಎಸ್‌ಕಾನ್ಫಿಗ್ ತೆರೆಯಿರಿ. ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ನೇರ ಬಯೋಸ್‌ಗೆ ಹೋಗಿ ಮೋಡ್ ಬದಲಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ, ಹೊಸ ಮೋಡ್‌ಗೆ ಬೇಕಾದ ಡ್ರೈವರ್ (ಡಿಸ್ಕ್ ಜೊತೆ ಮಾತಾಡುವ ಪುಟ್ಟ ಪ್ರೋಗ್ರಾಂ) ಹಿಡಿದುಕೊಳ್ಳುತ್ತದೆ. ಆಮೇಲೆ ಆ ಟಿಕ್ ತೆಗೆದು ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೇ ಇರಬಹುದು, ಪಾಸ್‌ವರ್ಡ್ ನೆನಪಿರಲಿ.

ಇಂಟೆಲ್ 11ನೇ ಪೀಳಿಗೆಯಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಜಾಗದಲ್ಲಿ ವಿಎಂಡಿ ಎಂಬ ಇಂಟೆಲ್‌ನದೇ ಡಿಸ್ಕ್ ಸೆಟ್ಟಿಂಗ್ ಇರುತ್ತದೆ. ಅದು ಆನ್ ಇದ್ದಾಗ ವಿಂಡೋಸ್ ಇನ್‌ಸ್ಟಾಲ್ ಮಾಡಲು ಹೋದರೆ ಡಿಸ್ಕೇ ಇಲ್ಲ ಅನ್ನಬಹುದು. ಡಿಸ್ಕ್ ಇರುತ್ತದೆ, ಅದಕ್ಕೆ ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರ್ ಕೊಡಬೇಕು ಅಷ್ಟೇ. ಚೆನ್ನಾಗಿ ನಡೆಯುತ್ತಿರುವ ವಿಂಡೋಸ್ ಇದ್ದರೆ ಸುಮ್ನೆ ವಿಎಂಡಿ ಮುಟ್ಟಬೇಡಿ.

ನಾಲ್ಕನೆಯದು ಬೂಟ್ ಪುಟ. ಪೆನ್‌ಡ್ರೈವ್ ಮೊದಲ ಸ್ಥಾನಕ್ಕೆ ಬಂದು ಕೂತಿದ್ದರೆ, ಅದು ಹಾಕಿದ್ದಾಗ ಬೂಟ್ ಡಿವೈಸ್ ಇಲ್ಲ ಅಂತ ಬರಬಹುದು. ಪೆನ್‌ಡ್ರೈವ್ ಕಿತ್ತರೆ ಮುಗಿಯಿತು. ಲೆಗಸಿ (ಹಳೆಯ ಬಯೋಸ್ ರೀತಿ) ಮತ್ತು ಯುಇಎಫ್‌ಐ ಎಂಬ ಆಯ್ಕೆಯೂ ಇಲ್ಲೇ ಇರುತ್ತದೆ. ಡಿಸ್ಕನ್ನು ಭಾಗ ಮಾಡಿಡುವ ಶೈಲಿಯೂ ಎರಡು, ಹಳೆಯದು ಎಂಬಿಆರ್, ಹೊಸದು ಜಿಪಿಟಿ. ಎಂಬಿಆರ್ ಶೈಲಿಯಲ್ಲಿ ವಿಂಡೋಸ್ ಹಾಕಿದ ಡಿಸ್ಕ್ ಲೆಗಸಿಯಲ್ಲಿ ಏಳುತ್ತದೆ, ಜಿಪಿಟಿ ಶೈಲಿಯದು ಯುಇಎಫ್‌ಐಯಲ್ಲಿ. ಇದು ತಿರುಗುಮುರುಗಾದರೆ ಡಿಸ್ಕ್ ಕಲ್ಲಿನಷ್ಟು ಗಟ್ಟಿಯಿದ್ದರೂ ವಿಂಡೋಸ್ ಏಳುವುದಿಲ್ಲ. ವಿಂಡೋಸ್ 11ಕ್ಕೆ ಯುಇಎಫ್‌ಐ ಮತ್ತು ಟಿಪಿಎಂ 2.0 ಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಬಹಳ ಜನ ಈ ಪುಟಕ್ಕೆ ಬಂದು ಏನೇನೋ ಒತ್ತಿ ಸಿಕ್ಕಿಹಾಕಿಕೊಂಡಿದ್ದಾರೆ. ಮೊದಲೇ ತೆಗೆದ ಫೋಟೊ ಕೆಲಸಕ್ಕೆ ಬರುವುದು ಇಲ್ಲೇ.

ಉಳಿದ ಯಾವುದನ್ನೂ ಮುಟ್ಟಬೇಡಿ. ಓವರ್‌ಕ್ಲಾಕ್, ವೋಲ್ಟೇಜ್ ಅಂತ ಇರುವ ಪುಟಗಳಂತೂ ಬೇಡವೇ ಬೇಡ. ಬಯೋಸ್ ಅಪ್‌ಡೇಟ್ ಕೂಡ ಈಗ ಬೇಡ. ಅದು ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು.

ಡಿಸ್ಕ್ ಬಯೋಸ್‌ಗೆ ಕಾಣದಿದ್ದರೆ

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಆಮೇಲೆ ಬದಿಯ ಬಾಗಿಲು ತೆಗೆಯಿರಿ. ಕ್ಯಾಬಿನೆಟ್ಟಿನ ಲೋಹದ ಭಾಗ ಒಮ್ಮೆ ಮುಟ್ಟಿ ಕೈಯ ಸ್ಟಾಟಿಕ್ ಇಳಿಸಿಕೊಳ್ಳಿ.

ಹಾರ್ಡ್ ಡಿಸ್ಕ್‌ಗೆ ಎರಡು ಕೇಬಲ್. ಅಗಲದ್ದು ಪವರ್, ಸಣ್ಣದು ಡೇಟಾ. ಎರಡನ್ನೂ ಎರಡೂ ತುದಿಯಲ್ಲಿ ಬಿಚ್ಚಿ ಮತ್ತೆ ಹಾಕಿ. ಡೇಟಾ ಕೇಬಲ್ ಬದಲಿಸಿ, ಬೋರ್ಡ್ ಮೇಲೆ ಬೇರೆ ಪೋರ್ಟ್‌ನಲ್ಲಿ ಹಾಕಿ. ಕೇಬಲ್‌ನ ಬೆಲೆ ಬಹಳ ಕಡಿಮೆ. ಆದರೆ ಡಿಸ್ಕ್ ಹೋಗಿದೆ ಅಂತ ನನ್ನ ಕೈಗೆ ಬಂದ ಕಂಪ್ಯೂಟರ್‌ಗಳಲ್ಲಿ ಕೇಬಲ್ ಬದಲಿಸಿದ್ದಕ್ಕೇ ಎದ್ದವು ಹಲವು. ಕಲಬುರಗಿಯ ಬೇಸಿಗೆಯಲ್ಲಿ ಕ್ಯಾಬಿನೆಟ್ ಒಳಗಿನ ಕಾವಿಗೆ ಹಳೆಯ ಪ್ಲಾಸ್ಟಿಕ್ ಹಿಡಿತ ಬಿಟ್ಟುಕೊಡುತ್ತದೆ. ತೊಗರಿ ಬೇಳೆ ಗಿರಣಿ ಹತ್ತಿರ ಇದ್ದರೆ ಹಳದಿ ಧೂಳು ಕನೆಕ್ಟರ್ ಒಳಗೇ ಕೂರುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಯಾದರೆ ಕಲ್ಲಿನ, ಸಿಮೆಂಟಿನ ಧೂಳು. ಒಣ ಪೇಂಟಿಂಗ್ ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ. ಒದ್ದೆ ಬಟ್ಟೆ ಬೇಡ.

ಇತ್ತೀಚೆಗೆ ಎಂ.2 ಎಸ್‌ಎಸ್‌ಡಿ (ಕೇಬಲ್ ಇಲ್ಲದೆ ನೇರ ಬೋರ್ಡ್ ಮೇಲೆ ಕೂರುವ ಚಪ್ಪಟೆ ಎಸ್‌ಎಸ್‌ಡಿ) ಹಾಕಿಸಿದ್ದೀರಾ? ಕೆಲವು ಬೋರ್ಡ್‌ಗಳಲ್ಲಿ ಎಂ.2 ಜಾಗ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ತಾನಾಗೇ ಬಂದ್ ಆಗುತ್ತದೆ. ಹಳೆಯ ಡಿಸ್ಕನ್ನು ಬೇರೆ ಪೋರ್ಟ್‌ಗೆ ಹಾಕಿದರೆ ಸಾಕು.

ಇಷ್ಟಾದರೂ ಕಾಣದಿದ್ದರೆ ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್‌ನಲ್ಲಿ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ನೋಡಿ. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಡಿಸ್ಕ್‌ಗೆ ಯುಎಸ್‌ಬಿ ಪವರ್ ಸಾಕು. ಡೆಸ್ಕ್‌ಟಾಪ್‌ನ ಮೂರೂವರೆ ಇಂಚಿನದಕ್ಕೆ 12 ವೋಲ್ಟಿನ ಬೇರೆ ಅಡಾಪ್ಟರ್ ಬೇಕು. ಹಾಕಿದಾಗ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಅಥವಾ "ಇನಿಷಿಯಲೈಸ್ ಮಾಡಲೇ?" ಅಂತ ಕೇಳಬಹುದು. ಎರಡಕ್ಕೂ ಬೇಡ ಅನ್ನಿ.

ಡಿಸ್ಕ್ ಕಾಣುತ್ತಿದೆ, ಆದರೆ ನಿಧಾನ

ಫೋಲ್ಡರ್ ತೆರೆಯಲು ನಿಮಿಷ ಹಿಡಿಯುತ್ತದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪರ್ಸೆಂಟ್ ಅಂತ ಇರುತ್ತದೆ, ಕೆಲವು ಫೋಟೊ ಅರ್ಧ ಬೂದು ಬಣ್ಣ. ಇಂಥ ಹೊತ್ತಲ್ಲಿ ಎಲ್ಲರ ಕೈ ಮೊದಲು ಹೋಗುವುದು ಚೆಕ್‌ಡಿಸ್ಕ್ ಕಡೆ, ಅಂದರೆ ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್‌ನದೇ ಪ್ರೋಗ್ರಾಂ ಕಡೆ. ಅದೇ ದೊಡ್ಡ ತಪ್ಪು. ಆ ತಪ್ಪನ್ನು ನಾನೂ ಮಾಡಿದ್ದೇನೆ. ತಂಗಿಯ ಲ್ಯಾಪ್‌ಟಾಪ್ ನಿಧಾನವಾಗಿತ್ತು. ರಿಪೇರಿಗೆ ಟಿಕ್ ಹಾಕಿ ರಾತ್ರಿ ಚೆಕ್‌ಡಿಸ್ಕ್ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದರೆ ಡಿಸ್ಕ್ ಪೂರಾ ನಿಂತಿತ್ತು. ಅದರಲ್ಲಿ ನಮ್ಮ ಅಜ್ಜಿಯ ಕೊನೆಯ ವರ್ಷದ ಫೋಟೊಗಳಿದ್ದವು, ಬೇರೆಲ್ಲೂ ಇರಲಿಲ್ಲ. ಅವತ್ತಿನಿಂದ ನನ್ನ ನಿಯಮ ಒಂದೇ: ಮೊದಲು ನಕಲು, ಆಮೇಲೆ ಪರೀಕ್ಷೆ.

ಸಾಯುತ್ತಿರುವ ಡಿಸ್ಕ್‌ಗೆ ಇನ್ನು ಎಷ್ಟು ಗಂಟೆ ಆಯುಸ್ಸಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಇರುವ ಗಂಟೆಗಳನ್ನು ಫೈಲ್ ತೆಗೆಯಲು ಬಳಸಿ. ಬೇಕಾದ್ದನ್ನು ಮೊದಲು, ಸಣ್ಣದನ್ನು ಮೊದಲು ತೆಗೆಯಿರಿ. ಅಂಗಡಿಯಾದರೆ ಟ್ಯಾಲಿಯ ಡೇಟಾ ಫೋಲ್ಡರ್. ಅದು ಎಲ್ಲಿದೆ ಎಂದು ಟ್ಯಾಲಿಯಲ್ಲಿ ಕಂಪನಿ ಆರಿಸುವ ಪುಟವೇ ತೋರಿಸುತ್ತದೆ. ಡಿಟಿಪಿ ಅಂಗಡಿಯಾದರೆ ಮದುವೆ ಪತ್ರಿಕೆಗಳ ಫೈಲ್ ಜೊತೆಗೆ ಫಾಂಟ್‌ಗಳ ಫೋಲ್ಡರನ್ನೂ ತೆಗೆದುಕೊಳ್ಳಿ. ಯೂನಿಕೋಡ್ ಬರುವ ಮುಂಚೆ ನುಡಿ, ಬರಹದಲ್ಲಿ ಟೈಪ್ ಮಾಡಿದ ಫೈಲ್‌ಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಾಗದ ಗೀಟುಗಳಾಗಿ ಕಾಣುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಆಮೇಲೆ. ಸಿನಿಮಾ, ಹಾಡು ಕೊನೆಗೆ. ಅವು ಮತ್ತೆ ಸಿಗುತ್ತವೆ.

ಒಂದು ಫೈಲ್ ಹತ್ತಿರ ಕಾಪಿ ನಿಂತುಬಿಟ್ಟರೆ ಸ್ಕಿಪ್ ಒತ್ತಿ ಮುಂದೆ ಹೋಗಿ. ಅದರ ಬೆನ್ನು ಹತ್ತಬೇಡಿ. ವಿಂಡೋಸ್ ಏಳುತ್ತಲೇ ಇಲ್ಲ ಅಂದರೆ, ಇನ್ನೊಂದು ಕಂಪ್ಯೂಟರ್‌ನಲ್ಲಿ ರೂಫಸ್ ಎಂಬ ಪ್ರೋಗ್ರಾಂ ಬಳಸಿ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲಿಗೆ ಬಳಸುವ, ಉಚಿತ ಲಿನಕ್ಸ್) ಹಾಕಿಕೊಳ್ಳಿ. ಬೂಟ್ ಮೆನುವಿನಿಂದ ಅದರಲ್ಲಿ ಏಳಿ. ಬೂಟ್ ಮೆನುಗೆ ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಎಂಎಸ್‌ಐಯಲ್ಲಿ ಎಫ್11. ಇನ್‌ಸ್ಟಾಲ್ ಬೇಡ, ಟ್ರೈ ಉಬುಂಟು ಆರಿಸಿ. ಹಾರ್ಡ್ ಡಿಸ್ಕ್ ತೆರೆದು ಫೈಲ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿಕೊಳ್ಳಿ.

ಡಿಸ್ಕ್ ತೀರ ತಡವರಿಸುತ್ತಿದ್ದರೆ ಫೈಲ್ ಫೈಲ್ ಕಾಪಿ ಮಾಡುವುದೂ ಅದಕ್ಕೆ ಭಾರವೇ. ಆಗ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ನನ್ನ ಆಯ್ಕೆ. ಅದು ಇಡೀ ಡಿಸ್ಕನ್ನು ಅಷ್ಟೇ ದೊಡ್ಡ ಅಥವಾ ಇನ್ನೂ ದೊಡ್ಡ ಡಿಸ್ಕ್‌ಗೆ ನಕಲು ಮಾಡುತ್ತದೆ. ಚೆನ್ನಾಗಿರುವ ಭಾಗವನ್ನು ಮೊದಲು ತೆಗೆದು, ಹಟ ಮಾಡುವ ಭಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿವರೆಗೆ ಆಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಇಟ್ಟುಕೊಂಡರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಯಾವುದು ಮೂಲ, ಯಾವುದು ನಕಲು ಎಂದು ಎರಡು ಸಲ ನೋಡಿ ಎಂಟರ್ ಒತ್ತಿ. ತಿರುಗಿಸಿ ಹಾಕಿದರೆ ಖಾಲಿ ಡಿಸ್ಕ್ ನಿಮ್ಮ ಡೇಟಾದ ಮೇಲೆ ಬರೆದುಹೋಗುತ್ತದೆ.

ಡಿಸ್ಕ್‌ನ ಸ್ವಂತ ದಾಖಲೆ ಓದಿ

ನಕಲು ಕೈಗೆ ಬಂತು. ಈಗ ನೆಮ್ಮದಿಯಿಂದ ಪರೀಕ್ಷೆ ಮಾಡಬಹುದು. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಓದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಂ ಸಾಕು. ತೆರೆದ ಕೂಡಲೇ ನೀಲಿ ಗುಡ್, ಹಳದಿ ಕಾಷನ್ ಅಥವಾ ಕೆಂಪು ಬ್ಯಾಡ್ ಅಂತ ತೋರಿಸುತ್ತದೆ. ಅಷ್ಟಕ್ಕೇ ಬಿಡಬೇಡಿ, ಕೆಳಗಿನ ಪಟ್ಟಿಯಲ್ಲಿ ನಾಲ್ಕು ಸಾಲು ನೋಡಿ.

05 ಎಂಬ ಸಾಲು, ಕೆಟ್ಟ ಜಾಗ ಬಿಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ (ಡಿಸ್ಕ್‌ನ ಸಣ್ಣ ಸಣ್ಣ ತುಂಡುಗಳ) ಲೆಕ್ಕ. ಸಿ5 ಎಂಬುದು, ಓದಲು ಆಗದೆ ಇನ್ನೂ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಸಿ6, ಸರಿಪಡಿಸಲು ಆಗದವು. ಈ ಮೂರೂ ಸೊನ್ನೆ ಇರಬೇಕು. 05ರಲ್ಲಿ ಸಣ್ಣ ಸಂಖ್ಯೆ ಇದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಗಮನ ಇಟ್ಟು ಬಳಸಬಹುದು. ವಾರಕ್ಕೊಮ್ಮೆ ಏರುತ್ತಿದ್ದರೆ ಆ ಡಿಸ್ಕ್ ಹೊರಟಿದೆ. ಸಿ5ರಲ್ಲಿ ಏನೇ ಬಂದರೂ ನಾನು ಡಿಸ್ಕ್ ಬದಲಿಸಿ ಅಂತಲೇ ಹೇಳುತ್ತೇನೆ.

ಸಿ7 ಬೇರೆ ಜಾತಿ. ಡಿಸ್ಕ್ ಮತ್ತು ಬೋರ್ಡ್ ನಡುವೆ ಮಾತು ತಪ್ಪಿದ ಸಲಗಳ ಲೆಕ್ಕ ಅದು. ಅದು ಏರುತ್ತಿದ್ದು ಉಳಿದ ಮೂರು ಸೊನ್ನೆ ಇದ್ದರೆ ತಪ್ಪು ಸಾಮಾನ್ಯವಾಗಿ ಕೇಬಲ್‌ನದು. ಕೇಬಲ್ ಬದಲಿಸಿದ ಮೇಲೆ ಸಂಖ್ಯೆ ಇಳಿಯುವುದಿಲ್ಲ, ಆದರೆ ಏರುವುದು ನಿಲ್ಲುತ್ತದೆ.

ಈ ಸಂಖ್ಯೆಗಳು ಮೊದಲಿಗೆ ಹದಿನಾರರ ಲೆಕ್ಕದಲ್ಲಿ ಕಾಣುತ್ತವೆ. ಅಲ್ಲಿ 10 ಅಂದರೆ ನಮ್ಮ 16. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂವನ್ನು ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಿ. ಎನ್‌ವಿಎಂಇ ಎಂಬ ಹೊಸ ಬಗೆಯ, ವೇಗದ ಎಸ್‌ಎಸ್‌ಡಿಯಲ್ಲಿ ಈ ಸಾಲುಗಳು ಇರುವುದಿಲ್ಲ. ಅಲ್ಲಿ ಎಷ್ಟು ಪರ್ಸೆಂಟ್ ಸವೆದಿದೆ, ಬದಲಿ ಜಾಗ ಎಷ್ಟು ಉಳಿದಿದೆ ಎಂದು ಇರುತ್ತದೆ.

ಸ್ಮಾರ್ಟ್ ಸರಿಯಿದೆ ಅಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ. ಗೂಗಲ್ ಕಂಪನಿಯವರು ತಮ್ಮಲ್ಲಿನ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ವರದಿ ಮಾಡಿದರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ 36 ಪರ್ಸೆಂಟ್‌ಗಿಂತ ಹೆಚ್ಚಿನವು ಉಷ್ಣತೆ ಬಿಟ್ಟರೆ ಸ್ಮಾರ್ಟ್‌ನಲ್ಲಿ ಯಾವ ಸುಳಿವೂ ಕೊಟ್ಟಿರಲಿಲ್ಲ. ಕೆಂಪು ಬಂದರೆ ನಂಬಿ, ನೀಲಿ ಇದ್ದರೂ ನಕಲು ಇಟ್ಟಿರಿ.

ಸ್ಮಾರ್ಟ್ ಆದ ಮೇಲೆ ಪೂರ್ತಿ ಪರೀಕ್ಷೆ. ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನೋಸ್ಟಿಕ್ಸ್, ಎಚ್‌ಪಿಯಲ್ಲಿ ಆನ್ ಮಾಡುವಾಗ ಎಫ್2. ಇವು ವಿಂಡೋಸ್ ಇಲ್ಲದೆಯೂ ನಡೆಯುತ್ತವೆ. ಸೀಗೇಟ್ ಡಿಸ್ಕ್‌ಗೆ ಸೀಟೂಲ್ಸ್ ಎಂಬುದು ಕಂಪನಿಯದೇ ಇದೆ. ಶಾರ್ಟ್ ಟೆಸ್ಟ್ ಒಂದೆರಡು ನಿಮಿಷದ್ದು, ಲಾಂಗ್ ಟೆಸ್ಟ್ ಗಂಟೆಗಟ್ಟಲೆ. ಫೇಲ್ ಆದರೆ ಸ್ಕ್ರೀನ್ ಮೇಲೆ ಬರುವ ಕೋಡ್ ಬರೆದುಕೊಳ್ಳಿ. ವಾರಂಟಿ ಇದ್ದರೆ ಅದು ಕೆಲಸಕ್ಕೆ ಬರುತ್ತದೆ. ಡಿಸ್ಕ್ ಎಲ್ಲದರಲ್ಲೂ ಪಾಸಾಗಿ ಫೈಲ್‌ಗಳು ಮಾತ್ರ ಕಲೆಸಿದ್ದರೆ, ಆಗ ಚೆಕ್‌ಡಿಸ್ಕ್ ಓಡಿಸಿ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್.

ಡಿಸ್ಕ್ ನಿಜವಾಗಿ ಹೋಗಿದ್ದರೆ

ಬಿಚ್ಚಬೇಡಿ. ಹೆಡ್ ತೇಲುವ ಎತ್ತರಕ್ಕಿಂತ ಒಂದು ಧೂಳಿನ ಕಣ ಸಾವಿರ ಪಟ್ಟು ದೊಡ್ಡದು. ಫ್ರಿಜ್‌ನಲ್ಲಿ ಇಡಬೇಡಿ, ಒಳಗೆ ನೀರಿನ ಪಸೆ ಕೂರುತ್ತದೆ. ಅದೇ ಮಾಡೆಲ್‌ನ ಬೇರೆ ಡಿಸ್ಕ್‌ನಿಂದ ಹಸಿರು ಬೋರ್ಡ್ ಕಿತ್ತು ಹಾಕಿದರೆ ಸರಿಯಾಗುತ್ತದೆ ಅನ್ನುವವರಿದ್ದಾರೆ. ಈಗಿನ ಡಿಸ್ಕ್‌ಗಳಲ್ಲಿ ಆ ಬೋರ್ಡ್ ಮೇಲಿನ ಚಿಪ್‌ನಲ್ಲಿ ಆಯಾ ಡಿಸ್ಕ್‌ಗೇ ಹೊಂದಿಸಿದ ಮಾಹಿತಿ ಇರುತ್ತದೆ. ಬರೀ ಬೋರ್ಡ್ ಬದಲಿಸಿದರೆ ಸಾಮಾನ್ಯವಾಗಿ ಕೆಲಸ ಆಗುವುದಿಲ್ಲ.

ಡೇಟಾ ನಿಜವಾಗಿಯೂ ಬೇಕಿದ್ದರೆ ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ. ಹೈದರಾಬಾದ್, ಬೆಂಗಳೂರಿನಲ್ಲಿ ಇವೆ. ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ. ನೋಡುವುದಕ್ಕೇ ಎಷ್ಟು? ಡೇಟಾ ಸಿಗದಿದ್ದರೆ ಎಷ್ಟು? ಉತ್ತರವನ್ನು ಬರೆದು ಕೊಡಲು ಹೇಳಿ. ಊರಲ್ಲಿ ಯಾರಾದರೂ ನಿಮ್ಮೆದುರೇ ಡಿಸ್ಕ್ ಬಿಚ್ಚುತ್ತೇನೆ ಅಂದರೆ ಕೊಡಬೇಡಿ.

ಬಿಸಿಲು ಮತ್ತು ಕರೆಂಟ್

ಮೇ ತಿಂಗಳಲ್ಲಿ ನಮ್ಮ ಕಡೆ 42, 43 ಡಿಗ್ರಿ ಮಾಮೂಲು. ತಗಡಿನ ಶೀಟಿನ ಕೆಳಗಿರುವ ಅಂಗಡಿಯಲ್ಲಿ ಇನ್ನೂ ಜಾಸ್ತಿ. ಹೆಚ್ಚಿನ ಹಾರ್ಡ್ ಡಿಸ್ಕ್‌ಗಳಿಗೆ ಕಂಪನಿ ಹೇಳುವ ಮಿತಿ 60 ಡಿಗ್ರಿ. ಮಾಮನ ಡಿಸ್ಕ್ ಅವತ್ತು 53 ತೋರಿಸುತ್ತಿತ್ತು. ಕ್ಯಾಬಿನೆಟ್ಟನ್ನು ಮೇಜಿನ ಪೆಟ್ಟಿಗೆಯೊಳಗಿಂದ ಹೊರಗೆ ತೆಗೆದು, ಮುಂದಿನ ಫ್ಯಾನ್‌ನ ಧೂಳು ಬ್ರಷ್‌ನಿಂದ ತೆಗೆದೆ. ಅರ್ಧ ಗಂಟೆಯಲ್ಲಿ 45ಕ್ಕೆ ಇಳಿಯಿತು. 50 ದಾಟದಂತೆ ನೋಡಿಕೊಳ್ಳಿ.

ಕರೆಂಟ್ ಪಟ್ಟನೆ ಹೋಗುವುದು ಡಿಸ್ಕ್‌ಗೂ ಫೈಲ್‌ಗೂ ಪೆಟ್ಟು. 600 ವಿಎ ಯುಪಿಎಸ್ ಇದ್ದರೆ ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತದೆ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ, ಬದಲಿಸಬೇಕು. ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಜುಂ ಅನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಅದು ಡಿಸ್ಕ್‌ಗಿಂತ ಮೊದಲು ನಿಮ್ಮ ಜೀವದ ಪ್ರಶ್ನೆ.

ಮಾಮನ ಡಿಸ್ಕ್‌ನಲ್ಲಿ ಅವತ್ತು ಸಿ5 ಸಾಲಿನಲ್ಲಿ 8 ಅಂತ ಇತ್ತು. ಎದ್ದಿತು ಅಂತ ಸುಮ್ಮನಾಗಲಿಲ್ಲ. ಮೊದಲು ಟ್ಯಾಲಿ ಡೇಟಾ ಎರಡು ಕಡೆ ಹಾಕಿದೆ. ಮರುದಿನ ಹೊಸ ಎಸ್‌ಎಸ್‌ಡಿ ತಂದು ಇಡೀ ಡಿಸ್ಕ್ ಅದಕ್ಕೆ ನಕಲು ಮಾಡಿ ಕೂರಿಸಿದೆ. ಹಳೆಯ ಡಿಸ್ಕ್ ಮೇಲೆ "ಸಿ5 ಇದೆ, ಬಳಸಬೇಡಿ" ಅಂತ ಬರೆದು ಬೀರುವಿನಲ್ಲಿ ಇಟ್ಟಿದ್ದೇವೆ. ಈಗ ಪ್ರತಿ ಶನಿವಾರ ಅಂಗಡಿ ಮುಚ್ಚುವ ಮುಂಚೆ ಮಾಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿ ಟ್ಯಾಲಿ ಬ್ಯಾಕಪ್ ತೆಗೆಯುತ್ತಾರೆ. ಆಮೇಲೆ ಅದನ್ನು ಬಿಚ್ಚಿ ಮನೆಗೆ ಒಯ್ಯುತ್ತಾರೆ. ಅಂಗಡಿಯಲ್ಲೇ ಬಿಟ್ಟರೆ ಸಿಡಿಲು ಬಂದ ದಿನ ಎರಡೂ ಒಟ್ಟಿಗೆ ಹೋಗಬಹುದಲ್ಲ.